ಒಲೆ ಹೊತ್ತಿಸಿದವರ ಹೆಸರು

ಫೆಬ್ರವರಿ 30, 2191
ಬನ್ನಿಕಟ್ಟೆ

ನಾನು ಹಂಪವ್ವ, ಬನ್ನಿಕಟ್ಟೆ ಗೌಡರ ಮನೆತನದ ಹಿರಿಯಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಮೂವತ್ತು ವರ್ಷದಿಂದ ಈ ಮನೆತನದಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ನೂರ ಅರವತ್ತೈದು ವರ್ಷ ಹಿಂದಿರುವ ನಿಮಗೆ ಮೇಲಿನ ತಾರೀಖು ತಪ್ಪೆನಿಸೀತು. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ.

ಈಗ ಯಾರೂ ಮನೆ ಕಟ್ಟುವುದಿಲ್ಲ. ಕಾರ್ಖಾನೆಯಿಂದ ಲಾರಿಯ ಮೇಲೆ ಹೊರುಮನೆ ಬರುತ್ತದೆ, ಅರ್ಧ ದಿನದಲ್ಲಿ ಹೊಲಕ್ಕೆ ಇಳಿಸಬಹುದು. ಅದರಲ್ಲಿ ವಾಸಿಸಲು ಮಾತ್ರ ನೆಲೆಚೀಟಿ ಬೇಕು. ನೀರಿನ ಕಚೇರಿ, ದಾರಿಯ ಕಚೇರಿ, ಮಣ್ಣಿನ ಕಚೇರಿ ಮೂರೂ ಒಪ್ಪಬೇಕು. ಒಂದೊಂದು ಒಪ್ಪಿಗೆಗೂ ನೂರು ದಿನದ ಆಯುಷ್ಯ. ಮಣ್ಣಿನವರು ಒಪ್ಪುವ ಹೊತ್ತಿಗೆ ನೀರಿನವರ ಒಪ್ಪಿಗೆ ಸತ್ತಿರುತ್ತಿತ್ತು. ಹೀಗೆ ಒಂಬತ್ತು ವರ್ಷ ನಾವು ಹನ್ನೆರಡು ಮಂದಿ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದೆವು. ನಮ್ಮದೇ ಎರೆಹೊಲದಲ್ಲಿ ನಮ್ಮದೇ ಮನೆ ಬೀಗ ಹಾಕಿಕೊಂಡು ನಿಂತಿತ್ತು. ನನ್ನ ಗಂಡ ಅದರ ಬಾಗಿಲು ತೆರೆದದ್ದನ್ನು ನೋಡದೆಯೇ ತೀರಿಹೋದರು, ಹನ್ನೊಂದು ಮಂದಿ ಉಳಿದೆವು.

ಕಳೆದ ತಿಂಗಳು ಮೂರೂ ಒಪ್ಪಿಗೆ ಕೂಡಿಬಂದವು. ಚೀಟಿ ಕೈಗೆ ಬರಲು ನಾಲ್ಕೇ ದಿನ ಉಳಿದಿತ್ತು. ಆದರೆ ಅದಕ್ಕೂ ಮೊದಲು ಬರುವ ಗುರುವಾರ ಬಿಟ್ಟರೆ ಮೂರು ತಿಂಗಳು ಒಳ್ಳೆಯ ದಿನವಿರಲಿಲ್ಲ. ಹೊಸ ಮನೆಯಲ್ಲಿ ಹಾಲು ಉಕ್ಕಿಸಲೇಬೇಕೆಂದೆ.

"ಅತ್ತಿ, ಚೀಟಿ ಬರ್ಲಿ ತಡೀರಿ. ಹಾಲೇನ ಓಡಿಹೊಕ್ಕಾವೇನ್ರಿ?" ಎಂದಳು ಸೊಸೆ ಶಿವಲೀಲಾ.

"ಗೌಡ್ರ ಮನಿ ಹಾಲು ಕಚೇರ್ಯಾಗ ಕೇಳಿ ಉಕ್ಕಂಗಿಲ್ಲ" ಎಂದೆ.

ಗುರುವಾರ ಬೀಗ ತೆಗೆದು ಒಳಹೊಕ್ಕೆವು, ಅವಳೇ ಒಲೆಗೆ ಕಡ್ಡಿ ಗೀರಿದಳು. ಹಾಲು ಪೂರ್ವಕ್ಕೇ ಉಕ್ಕಿತು. ಎಲ್ಲರೂ ಕೈಮುಗಿದೆವು.

ಬೆಂಕಿ ಎಲ್ಲಿ ಹೊತ್ತಿದರೂ ಬರೆದಿಡುವ ಕಾವುಗಣ್ಣು ಎಂಬ ಯಂತ್ರ ನಮ್ಮ ಹೊಲದಂಚಿನ ಕಂಬದ ಮೇಲೂ ಇದೆ. ಒಲೆ ಹೊತ್ತಿದರೆ ವಾಸ, ಚೀಟಿಯಿಲ್ಲದ ವಾಸ ಅಪರಾಧ. ಅರ್ಜಿ ರದ್ದಾಯಿತು. ಕಚೇರಿಗೆ ಹೋದರೆ ಗುಮಾಸ್ತ ನಕ್ಕ: "ಹಾಲು ಉಕ್ಕಿಸೀರಿ, ಇನ್ನ ಚೀಟಿ ಯಾಕ್ರೀ ಯಜಮಾನ್ತಿ? ಕೆನಿ ತಿನ್ಕೋತ ಕುಂದರ್ರಿ." ನನ್ನೆದುರು ಒಬ್ಬ ಹೀಗೆ ನಕ್ಕದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಒಲೆ ಹೊತ್ತಿಸಿದವರು ತಪ್ಪೊಪ್ಪಿಕೊಂಡು, ಆ ಹೊಲಕ್ಕೆ ಇನ್ನೆಂದೂ ಕಾಲಿಡುವುದಿಲ್ಲವೆಂದು ಬರೆದುಕೊಟ್ಟರೆ ಉಳಿದವರ ಅರ್ಜಿ ಉಳಿಯುತ್ತದೆ. ಅದೊಂದೇ ದಾರಿಯಿತ್ತು. ಶಿವಲೀಲಾ ಪೆನ್ನಿಗೆ ಕೈಚಾಚಿದಳು.

ನಿಮ್ಮ ಕಾಲದಲ್ಲಿ ಕಚೇರಿಯವರು ಇನ್ನೊಂದು ಕಾಗದ ತನ್ನಿ ಎಂದಾಗಲೆಲ್ಲ ನೀವು ತಂದುಕೊಟ್ಟಿರಿ, ಯಾಕೆಂದು ಕೇಳಲಿಲ್ಲ. ಆ ಕಾಗದಗಳೇ ಬೆಳೆದು ನಮ್ಮ ತಲೆಯ ಮೇಲೆ ಕೂತಿವೆ. ಈಗಲಾದರೂ ಕೇಳಿ ಎಂದು ಬರೆಯುತ್ತಿದ್ದೇನೆ. ಕೇಳುತ್ತೀರೆಂಬ ನಂಬಿಕೆ ನನಗಿಲ್ಲ.

ಕಡ್ಡಿ ಗೀರಿದ್ದು ಅವಳು, ಗೀರಿಸಿದ್ದು ನಾನು. ಪೆನ್ನು ಕಸಿದುಕೊಂಡು ನನ್ನ ಹೆಸರನ್ನೇ ಬರೆದೆ. ಮೊನ್ನೆ ಚೀಟಿ ಬಂತು, ಉಳಿದ ಹತ್ತೂ ಮಂದಿ ಒಳಗೆ ಹೋದರು. ಮತ್ತೊಮ್ಮೆ ಹಾಲು ಉಕ್ಕಿಸಿದರಂತೆ. ನಾನು ಶೆಡ್ಡಿನಲ್ಲಿದ್ದೆ.