ಉಳಿದ ಚೀಟಿ

ಜೂನ್ 18, ಮಧ್ಯಾಹ್ನ
ಮೂರನೇ ಕ್ಲಾಸು, ಗಣಿತ. ಬುಗುರಿ ಇವತ್ತೂ ಎದ್ದಳು — ಪೆನ್ಸಿಲ್ ಚೂಪು ಮಾಡಲು, ನೀರು ಕುಡಿಯಲು, ಕಿಟಕಿ ನೋಡಲು, ಆಮೇಲೆ ಸುಮ್ಮನೆ. ಹೋದ ವರ್ಷದ ಟೀಚರ್ ಇಟ್ಟ ಹೆಸರು, ನನ್ನ ಬಾಯಿಗೂ ಅಂಟಿಬಿಟ್ಟಿದೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹುಡುಗಿ. "ಕೂತ್ಕೋ" ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಲೆಕ್ಕ ಬಾರದು ಎಂದಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ ಕೇಳಿದರೆ ಪಟಪಟ ಹೇಳುತ್ತಾಳೆ. ಕೂರಿಸಿದರೆ ಹಾಳೆ ಖಾಲಿ.

ಜೂನ್ 20
ಹೆಡ್‌ಮಿಸ್ ಕರೆಸಿದ್ದರು. ತಿಂಗಳ ಟೆಸ್ಟಿನಲ್ಲೂ ಖಾಲಿ ಹಾಳೆ ಕೊಟ್ಟರೆ ಬುಗುರಿಯನ್ನು ಎರಡನೇ ಕ್ಲಾಸಿಗೆ ವಾಪಸ್ ಕಳಿಸುತ್ತಾರಂತೆ. ಅಲ್ಲಿ ಅವಳ ತಂಗಿ ಇದ್ದಾಳೆ! ಸಿಟ್ಟು ನೆತ್ತಿಗೇರಿತು.
ಸಂಜೆ ಗೇಟಿನ ಹತ್ತಿರ ಅವಳಮ್ಮ: "ತಂಗಿ ಜೊತೆ ಮಾತ್ರ ಕೂರಿಸ್ಬೇಡಿ ಮಿಸ್. ಮನೇಲಿ ಈಗ್ಲೇ ಯಾರು ದೊಡ್ಡೋರು ಅಂತ ಜಗಳ."
ನಕ್ಕರು. ಕಣ್ಣಲ್ಲಿ ನೀರಿತ್ತು.

ಜೂನ್ 23
ಹಾಳೆಯನ್ನು ಒಂದೇ ಲೆಕ್ಕ ಕಾಣುವಂತೆ ಮಡಚಿ ಕೊಟ್ಟೆ. ಮಾಡಿದಳು! ಓಡಿ ಬಂದು, "ಮುಗೀತು ಮಿಸ್!" ಮಡಿಕೆ ಬಿಚ್ಚಿ ಉಳಿದದ್ದು ತೋರಿಸಿದೆ. ಮುಖ ಬಾಡಿತು. "ಇದು ಮೋಸ" ಎಂದಳು. ಒಳಗೆ ಇನ್ನೂ ಇದೆ ಎಂದು ಹೇಳಲು ನಾನೇ ಮರೆತಿದ್ದೆ. ಮರೆವಿನ ಕಾಯಿಲೆ ಅವಳಿಗೆ ಅಂತ ಎಲ್ಲರೂ ಹೇಳುತ್ತಾರೆ...
ಆದರೆ ಎದ್ದು ಓಡಿದ್ದು ಕಿಟಕಿಗಲ್ಲ, ನನ್ನ ಟೇಬಲ್ಲಿಗೆ. ಲೆಕ್ಕವೂ ಸರಿ.

ಜೂನ್ 24
ಹಾಳೆಯನ್ನು ಕತ್ತರಿಸಿಯೇಬಿಟ್ಟೆ. ಲೆಕ್ಕಕ್ಕೊಂದು ಚೀಟಿ. ಮಾಡು, ತಂದುಕೊಡು, ಮುಂದಿನದು ತಗೊಂಡು ಹೋಗು. ಓಡಾಟವೂ ಆಯಿತು, ಲೆಕ್ಕವೂ ಆಯಿತು. ಉಳಿದವರೂ ಬಿಡಲಿಲ್ಲ — "ನಮಗೂ ಚೀಟಿ ಮಿಸ್!" ಕೊಟ್ಟೆ. ಗಲಾಟೆಗೆ ಹೆಡ್‌ಮಿಸ್ ಬಾಗಿಲಲ್ಲಿ ಪ್ರತ್ಯಕ್ಷ.
"ಏನ್ರೀ ಇದು, ಕ್ಲಾಸೋ ಸಂತೆಯೋ?"
"ಸಂತೇನೇ ಮೇಡಂ. ವ್ಯಾಪಾರ ಜೋರಾಗಿದೆ."
ನಗಲಿಲ್ಲ. ಈ ನಾಲಿಗೆ ಒಂದು ದಿನ ನನ್ನ ಕೆಲಸಕ್ಕೇ ಸಂಚಕಾರ ತರುತ್ತದೆ. ಆದರೂ ಕೇಳಿಯೇಬಿಟ್ಟೆ — ಟೆಸ್ಟಿನಲ್ಲೂ ಬುಗುರಿಗೆ ಚೀಟಿ ಕೊಡಬಹುದೇ? "ನಾನೇ ಬಂದು ಕೂರ್ತೀನಿ. ನೋಡೋಣ."

ಜೂನ್ 30, ಸಂಜೆ
ಟೆಸ್ಟ್. ಚೀಟಿಗಳು ಹೆಡ್‌ಮಿಸ್ ಕೈಯಲ್ಲಿ. ನಾನು ಹೊರಗೆ. ಕಾರಿಡಾರಿನಿಂದ ಕದ್ದು ನೋಡಿದೆ. ಬುಗುರಿ ಹೋದಳು, ಬಂದಳು, ಮತ್ತೆ ಹೋದಳು. ನಡುವೆ ಗೋಡೆಯ ಮ್ಯಾಪಿನ ಮುಂದೆ ನಿಂತೇಬಿಟ್ಟಳು. ಹೆಡ್‌ಮಿಸ್ ಗದರಲಿಲ್ಲ. ಚೀಟಿ ಎತ್ತಿ ಹಿಡಿದು ಕಾದರು. ಕಾದೇ ಕಾದರು. ಬುಗುರಿ ತಿರುಗಿ ನೋಡಿದಳು. ಬಂದು ತಗೊಂಡಳು.
ಬೆಲ್ ಹೊಡೆದಾಗ ಕೊನೆಯ ಚೀಟಿ ಉಳಿದೇ ಇತ್ತು. ಇರಲಿ. ಈ ಸಲ ಖಾಲಿ ಅಲ್ಲ.

ಜುಲೈ 3, ಊಟದ ಬಿಡುವು
ಬುಗುರಿ ನನ್ನ ಕ್ಲಾಸಲ್ಲೇ! ಬೆಳಿಗ್ಗೆ ಹೆಡ್‌ಮಿಸ್: "ಕೊನೇದಕ್ಕೆ ಸ್ವಲ್ಪ ಟೈಮ್ ಕೊಡ್ಬೇಕಿತ್ತು ಕಣ್ರೀ. ನಾನೇ ಅವಸರ ಮಾಡ್ದೆ." ಅವರ ಬಾಯಲ್ಲಿ ಇಂಥ ಮಾತು! ಕುಣಿಯುವಷ್ಟು ಖುಷಿ ನನಗೆ. ಅವಳಮ್ಮನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬರೀ ಮೂಗು ಎಳೆಯುವ ಸದ್ದು.
ಬರೆಯುತ್ತಿರುವಾಗಲೇ ಸ್ಟಾಫ್‌ರೂಮಿನ ಬಾಗಿಲಲ್ಲಿ ಬುಗುರಿ. ಊಟದ ಡಬ್ಬಿ ಕೈಯಲ್ಲೇ ಇದೆ.
"ಮಿಸ್, ಅವತ್ತು ಒಂದು ಚೀಟಿ ಉಳೀತಲ್ಲ... ಕೊಡಿ."
"ಈಗ ಬಿಡುವು ಕಣೇ, ಆಡ್ಕೋ ಹೋಗು."
ಹೋಗುತ್ತಿಲ್ಲ. ಅಲ್ಲೇ ನಿಂತಿದ್ದಾಳೆ, ಅಲುಗಾಡದೆ. ಹೆಡ್‌ಮಿಸ್ ಟೇಬಲ್ ಮೇಲೇ ಇರಬೇಕು ಆ ಚೀಟಿ, ತಂದುಕೊಟ್ಟು ಬಂದು ಮುಂದೆ ಬರೆ—