ಫಿಲ್ಟರಿನ ಮಡಿಕೆಯೊಳಗೆ

ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಎಂದು ಹೊಟ್ಟೆಗೆ ಹಾಕಿಕೋ. ನೀನು ಬರೆದ ಎರಡು ಕಾಗದಕ್ಕೂ ಉತ್ತರ ಕೊಡದೆ ಒಂದೂವರೆ ವರ್ಷ ಕಳೆದೆ, ಅದಕ್ಕೂ ಕ್ಷಮಿಸು. ಅತ್ತಿಗೆಯ ಬೆನ್ನುನೋವು ಹೇಗಿದೆ? ಪಾಪು ಗೋಡೆ ಹಿಡಿದು ನಡೆಯುತ್ತಾನಂತೆ. ಅಮ್ಮ ಇದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಿನ್ನಿಂದ ಒಂದು ಸಾಮಾನು ಬೇಕು. ನೀನು ಕೆಲಸ ಬಿಟ್ಟು ಹೋಗುವಾಗ ನಿನ್ನ ಪೆಟ್ಟಿಗೆಯ ಜೊತೆ ಎಂಜಿನ್ನಿನ ಎಣ್ಣೆ ಫಿಲ್ಟರ್ ಕತ್ತರಿಸುವ ಕಟ್ಟರ್ ಕೂಡ ಹೋಯಿತು. ಡಬ್ಬಿ ತೆರೆಯುವ ಸಾಮಾನಿನ ಹಾಗೆ ಪುಟ್ಟ ಚಕ್ರವಿದೆಯಲ್ಲ, ಅದು. ಅದು ನಿನ್ನದೇ, ಇಲ್ಲ ಎನ್ನುವುದಿಲ್ಲ. ಆದರೂ ಕಳಿಸು. ಹೊಸದು ತರಿಸಿ ಎಂದು ಹೆಡ್ ಮೆಕ್ಯಾನಿಕ್ಕಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಕೋಣನ ಮುಂದೆ ಕಿನ್ನರಿ. ಅವರಿಗೆ ನೀನಿಟ್ಟ 'ಏನಾಗಲ್ಲ ಸಾರ್' ಎಂಬ ಹೆಸರೇ ವಿಮಾನದ ಶೆಡ್ಡಿನಲ್ಲಿ ಇನ್ನೂ ನಡೆಯುತ್ತಿದೆ.

ನಿನ್ನೆ ಎರಡು ಸೀಟಿನ ವಿಮಾನ, ಕಳೆದ ಸಲ ಎಣ್ಣೆ ಬದಲಿಸಿದ ಮೇಲೆ ಒಟ್ಟು ಐವತ್ತು ಗಂಟೆಯ ಹಾರಾಟ ಮುಗಿಸಿ ಬಂದಿತ್ತು. ಎಂಜಿನ್ ಬಿಸಿ ಇರುವಾಗಲೇ ಎಣ್ಣೆ ಇಳಿಸಿದೆ, ಉಕ್ಕಿನ ಡಬ್ಬಿಯಂಥ ಹಳೆಯ ಫಿಲ್ಟರ್ ಬಿಚ್ಚಿದೆ. ಕಟ್ಟರ್ ಇಲ್ಲವಲ್ಲ, ಹೆಡ್ ಮೆಕ್ಯಾನಿಕ್ ಗರಗಸ ಕೊಟ್ಟರು. ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ನೀನು ಕಲಿಸಿದ ಹಾಗೆ ಬಿಳಿ ಬಟ್ಟೆಯ ಮೇಲೆ ಹರಡಿದೆ. ಮಡಿಕೆಗಳಲ್ಲಿ ಏನೋ ಮಿಣಮಿಣ ಎಂದಿತು. ತೆಗೆದುಕೊಂಡು ಹೋಗಿ ತೋರಿಸಿದೆ.

"ಗರಗಸದಲ್ಲಿ ಕೊಯ್ದರೆ ಇನ್ನೇನು, ಚಿನ್ನ ಉದುರುತ್ತಾ? ಅದು ಡಬ್ಬಿದೇ ಪುಡಿ," ಎಂದರು.

"ಆ ಪುಡಿ ಮೇಲ್ಗಡೆ ಇದೆ ಸಾರ್, ಒಣಗಿದೆ. ಇದು ಮಡಿಕೆ ಒಳಗಡೆ, ಎಣ್ಣೇಲಿ ನೆಂದಿದೆ. ಎಂಜಿನ್ ಒಳಗೇ ಏನೋ ಸವೀತಿದೆ."

"ಓಹೋ, ಎಂಜಿನಿಯರಮ್ಮ! ತಾವು ಎಷ್ಟನೇ ಕ್ಲಾಸು?"

ಅಲ್ಲಿದ್ದವರೆಲ್ಲ ನಕ್ಕರು. ಆಯಸ್ಕಾಂತ ಹಿಡಿದು ತೋರಿಸೋಣವೆಂದರೆ ಹಾಳಾದ್ದು ಡಬ್ಬಿಯೂ ಉಕ್ಕಿನದೇ, ಎರಡೂ ಅಂಟುತ್ತವೆ. ನನಗೆ ಅಳು ಬಂತು, ಅಳುವುದಕ್ಕೂ ಸಿಟ್ಟು ಬಂತು. ಹೊಸ ಫಿಲ್ಟರ್ ಹಾಕಿ, ನೆಲದ ಮೇಲೇ ಎಂಜಿನ್ ಓಡಿಸಿ, ಅದನ್ನು ಪುಡಿ ಬೀಳಿಸದ ನಿನ್ನ ಕಟ್ಟರಿನಲ್ಲಿ ಬಿಚ್ಚಿದರೆ ಸತ್ಯ ಗೊತ್ತಾಗುತ್ತದೆ. ಅಷ್ಟೂ ತಾಳ್ಮೆ ಇಲ್ಲ ಇವರಿಗೆ.

"ಅಷ್ಟು ಅನುಮಾನ ಇದ್ರೆ ಪುಸ್ತಕದಲ್ಲಿ ಬರಿಯಮ್ಮ. ಬರೆಯೋಕೆ ಬರುತ್ತೆ ತಾನೆ?" ಎಂದರು. ವಿಮಾನದ ಪುಸ್ತಕ ನಿನಗೆ ಗೊತ್ತಲ್ಲ. ಅದರಲ್ಲಿ ಒಂದು ದೋಷ ಬರೆದರೆ, ಅವರು ಉತ್ತರ ಬರೆದು ಸಹಿ ಹಾಕುವವರೆಗೆ ವಿಮಾನ ಮೇಲೇಳುವ ಹಾಗಿಲ್ಲ. ಕೆಲಸ ನಾನು ಮಾಡುವುದು, ಪುಸ್ತಕ ಅವರು ತುಂಬಿಸುವುದು. ನಾನು ಅದರಲ್ಲಿ ಒಂದು ಚುಕ್ಕೆಯನ್ನೂ ಇಟ್ಟವಳಲ್ಲ, ಅದು ಅವರಿಗೆ ಗೊತ್ತು.

ಅಷ್ಟರಲ್ಲಿ ಹಾರಾಟ ಕಲಿಸುವ ಮೇಡಂ ಕುಂಟುತ್ತಾ ಬಂದರು. "ಏನೇ ಪುಟ್ಟಿ, ನನ್ನ ಕುದುರೆ ರೆಡಿನಾ? ನಾಳೆ ಹತ್ತು ಗಂಟೆಗೆ ಹೊಸ ಹುಡುಗೀನ ಕರ್ಕೊಂಡು ಹೊರಡ್ತೀನಿ."

ನಾನು ಅವರ ಕಾಲನ್ನೇ ನೋಡಿದೆ. ಎರಡು ವರ್ಷದ ಹಿಂದೆ ಎಂಜಿನ್ ಆಕಾಶದಲ್ಲೇ ನಿಂತು, ಹೊಲದಲ್ಲಿ ಇಳಿದಾಗ ಮುರಿದ ಕಾಲು. ಪೆಟ್ರೋಲಿನಲ್ಲಿ ನೀರಿತ್ತು, ನೀನು ನೋಡಿಯೂ ಹೇಳಲಿಲ್ಲ ಎಂದು ನಿನ್ನನ್ನು ಮನೆಗೆ ಕಳಿಸಿದ ಕಾಲು. ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಮಡಚಿಬಿಟ್ಟೆ. ನನ್ನ ಪರವಾಗಿ ಹೆಡ್ ಮೆಕ್ಯಾನಿಕ್ಕೇ ಉತ್ತರಿಸಿದರು: "ರೆಡಿ ಮೇಡಂ. ಏನಾಗಲ್ಲ."

ಕಟ್ಟರನ್ನು ಬಟ್ಟೆಯಲ್ಲಿ ಸುತ್ತಿ ಕಳಿಸು, ಚಕ್ರದ ಅಂಚು ಮುಕ್ಕಾಗದ ಹಾಗೆ. ಅತ್ತಿಗೆಯ ನೋವು ಬೇಗ ವಾಸಿಯಾಗಲಿ. ಪಾಪುವಿಗೆ ನೂರು ಮುತ್ತು. ಅವನು ನಿನ್ನ ಹಾಗೆ ಕೆಲಸಗಾರನಾಗಲಿ, ಅವನ ಅತ್ತೆಯ ಹಾಗೆ ಪುಕ್ಕಲು ಆಗದಿರಲಿ.

ಇಂತಿ ನಿನ್ನ ತಂಗಿ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಬರೆಯಲಾಗದೆ ಮುಗಿಸಿಬಿಟ್ಟಿದ್ದೆ. ಅಣ್ಣ, ಮೇಡಂ ಕಾಲು ಮುರಿದ ಆ ದಿನ ನೀನು ಹೆಡ್ ಮೆಕ್ಯಾನಿಕ್ಕಿಗೆ ಹೇಳಿದ್ದನ್ನು ನಾನು ಕೇಳಿದ್ದೆ. ಪರೀಕ್ಷೆಗೆ ಪೆಟ್ರೋಲು ಹಿಡಿದ ಗಾಜಿನ ಲೋಟ ನನ್ನ ಕೈಯಲ್ಲೇ ಇತ್ತು, ಪೆಟ್ರೋಲಿನ ತಳದಲ್ಲಿ ನೀರು ಗೋಲಿಯಂತೆ ಉರುಳುತ್ತಿತ್ತು. "ಟ್ಯಾಂಕ್ ಪೂರ್ತಿ ಖಾಲಿ ಮಾಡೋವರೆಗೂ ವಿಮಾನ ಬಿಡಬೇಡಿ ಸಾರ್," ಎಂದು ನೀನಂದೆ. "ಏನಾಗಲ್ಲ," ಎಂದರು. ವಿಚಾರಣೆಯಲ್ಲಿ ನನಗೇನೂ ಕೇಳಿಸಲಿಲ್ಲ ಎಂದೆ. ಎಂಜಿನ್ ಸದ್ದಿನಲ್ಲಿ ಅವಳಿಗೆ ಹೇಗೆ ಕೇಳಿಸಬೇಕು ಎಂದು ನೀನೇ ಅಮ್ಮನಿಗೆ ಸಮಾಧಾನ ಹೇಳಿದೆ. ಎಂಜಿನ್ ಆಗ ಓಡುತ್ತಿರಲಿಲ್ಲ, ಅಣ್ಣ. ವಿಚಾರಣೆಗೆ ಬಂದವರು ಬಿಳಿ ಹಾಳೆ ಮುಂದಿಟ್ಟು, ಕೇಳಿದ್ದನ್ನು ಬರೆದು ಸಹಿ ಮಾಡು ಎಂದಿದ್ದರು. ಅಷ್ಟು ಜನರೆದುರು ನನ್ನ ಅಕ್ಷರ ತೋರಿಸಲು ನಾಚಿಕೆಯಾಯಿತು. ಅಷ್ಟೇ ಕಾರಣ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು.

ಇವತ್ತು ಏಳು ಗಂಟೆಗೆ, ಯಾರೂ ಬರುವ ಮೊದಲು, ವಿಮಾನದ ಪುಸ್ತಕ ತೆಗೆದು ಬರೆದೆ: 'ಎಣ್ಣೆ ಫಿಲ್ಟರಿನ ಮಡಿಕೆಯೊಳಗೆ ಲೋಹದ ಚೂರು ಸಿಕ್ಕಿದೆ. ಹಾರಿಸಬೇಡಿ.' ಎರಡು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕೆಳಗೆ ನನ್ನ ಹೆಸರು ಹಾಕಿದೆ. ಮೇಡಂ ಕೂರುವ ಸೀಟಿನ ಮೇಲೆ ಪುಸ್ತಕ ತೆರೆದಿಟ್ಟು, ಗಾಳಿಗೆ ಹಾಳೆ ಮಗುಚದಿರಲೆಂದು ಆ ಕೊಯ್ದ ಫಿಲ್ಟರನ್ನೇ ಅದರ ಮೇಲೆ ಇಟ್ಟು ಬಂದೆ.