ನಾದಿನಿ ತಂದ ತೊಟ್ಟಿಲು

ಮಾರ್ಚ್ ೧೧, ಮಂಗಳವಾರ

ಇನ್ನು ನಾದಿನಿಯ ಮುಖ ನೋಡುವ ಆಸೆ ನನಗಿಲ್ಲ.

ಹದಿನೇಳು ದಿನದ ನನ್ನ ಮಗನಿಗೆ ಅವಳು ತಂದ ಮಡಚುವ ತೊಟ್ಟಿಲು ಇಳಿಜಾರು, ಸುತ್ತಲೂ ದಿಂಬಿನಂಥ ಮೆತ್ತೆ. ಒತ್ತಿ ನೋಡಿದರೆ ಮುಷ್ಟಿ ಪೂರ್ತಿ ಹೂತುಹೋಯಿತು. ಇದು ಬೇಡ, ಸಮತಟ್ಟಾದ ಗಟ್ಟಿ ಹಾಸಿಗೆಯದ್ದೇ ಬೇಕು ಎಂದೆ. "ನನ್ನ ಎರಡು ಮಕ್ಕಳೂ ಇದ್ರಲ್ಲೇ ಬೆಳೆದ್ವು ಅತ್ತಿಗೆ, ನೀವೇನು ದೊಡ್ಡ ಡಾಕ್ಟರಾ?" ಎಂದಳು. ಗಂಡ ಫೋನಿನಿಂದ ತಲೆ ಎತ್ತಲಿಲ್ಲ. ನಾನೇ ಬೇರೆ ತರಿಸಿ, ಅವಳದನ್ನು ಅಟ್ಟಕ್ಕೆ ಹಾಕಿಸಿದೆ.

ಇವತ್ತು ಸ್ನಾನ ಮುಗಿಸಿ ಬಂದರೆ ಅತ್ತೆ ಅದನ್ನೇ ಇಳಿಸಿ ಮಗುವನ್ನು ಮಲಗಿಸಿದ್ದರು. ಗದ್ದ ಎದೆಗೆ ಒತ್ತಿತ್ತು, ತುಟಿಯ ಸುತ್ತ ನೀಲಿ. ಬಾಚಿ ಎತ್ತಿಕೊಂಡು ಬೆನ್ನು ಉಜ್ಜಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಿರುಚಿದ.

"ಅಯ್ಯೋ, ಹಾಯಾಗಿ ಮಲಗಿದ್ದ ಕೂಸನ್ನ ಎಬ್ಬಿಸಿಬಿಟ್ಯಲ್ಲ!" ಎಂದರು ಅತ್ತೆ.

ಡಾಕ್ಟರ ಹತ್ತಿರ ಓಡಿದೆ. "ಸದ್ಯ, ಏನೂ ಆಗಿಲ್ಲ. ಕತ್ತು ಹಾಗೆ ಬಗ್ಗಿದ್ರೆ ಉಸಿರು ಕಟ್ಟತ್ತೆ, ಅದರಲ್ಲಿ ಮತ್ತೆ ಮಲಗಿಸ್ಬೇಡಿ" ಎಂದರು. ಮನೆಗೆ ಬರುವಷ್ಟರಲ್ಲಿ ನಾದಿನಿಯ ಫೋನು. "ನಿಮಗೆ ಬೇಡ ಅಂದ್ರೆ ಕೊಟ್ಬಿಡಿ, ನನ್ನ ಗೆಳತಿಗೆ ಮುಂದಿನ ವಾರ ಹೆರಿಗೆ."

ಕತ್ತರಿ ತಂದು ಆ ತೊಟ್ಟಿಲ ಬಟ್ಟೆಯನ್ನು ಉದ್ದಕ್ಕೂ ಸೀಳಿದೆ. ಚೌಕಟ್ಟನ್ನು ಮೆಟ್ಟಿ ಮುರಿದೆ.

"ಅವಳಿಗೆ ಫೋನ್ ಮಾಡಿ ಸಾರಿ ಕೇಳು" ಎಂದ ಗಂಡ.

"ಮೊದ್ಲು ನೀನು ನಿನ್ನ ಮಗನ ಹತ್ರ ಸಾರಿ ಕೇಳು" ಎಂದೆ.

ಈಗ ಮಗ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿದ್ದಾನೆ. ಅತ್ತೆ ಎರಡು ಸಲ ಬಾಗಿಲ ಹೊರಗೆ ಬಂದು ನಿಂತರು. ಅಳುತ್ತಿದ್ದರೇನೋ. ಒಳಗೆ ಬನ್ನಿ ಎನ್ನಲಿಲ್ಲ. ಎನ್ನುವುದೂ ಇಲ್ಲ, ಇವತ್ತಂತೂ...